ಹೊಸ ಶಿಕ್ಷಕರ ಮೊದಲ ವರ್ಷ: ಶಾಲೆಯೊಳಗೇ ಕೈಹಿಡಿದು ನಡೆಸುವುದು ಹೇಗೆ?

ಸರ್ಕಾರಿ ಪ್ರಾಥಮಿಕ ಶಾಲೆಗೆ ಹೊಸದಾಗಿ ಬರುವ ಶಿಕ್ಷಕರು ತರಬೇತಿ ಪಡೆದವರು, ಅರ್ಹತಾ ಪರೀಕ್ಷೆಯಲ್ಲೂ ತೇರ್ಗಡೆಯಾದವರು. ಆದರೆ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತಿರುವ ನಲಿಕಲಿ ತರಗತಿಯನ್ನು ದಿನವಿಡೀ ಒಬ್ಬರೇ ನಡೆಸುವುದು ಯಾವ ಪರೀಕ್ಷೆಯಲ್ಲೂ ಕೇಳದ ಪ್ರಶ್ನೆ. ಅದಕ್ಕೆ ಉತ್ತರ ಪಕ್ಕದ ಕೋಣೆಯ ಹಿರಿಯ ಶಿಕ್ಷಕರ ಬಳಿ ಇರುತ್ತದೆ.

ಆದ್ದರಿಂದ ಹೊಸಬರು ಕರ್ತವ್ಯಕ್ಕೆ ಹಾಜರಾದ ವಾರದಲ್ಲೇ ಮುಖ್ಯಶಿಕ್ಷಕರು ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಬೇಕು. ಅದೇ ತರಗತಿ ಅಥವಾ ಅದೇ ವಿಷಯ ಬೋಧಿಸುವವರಾದರೆ ಉತ್ತಮ. ಮುಖ್ಯಶಿಕ್ಷಕರೇ ಆ ಹೊಣೆ ಹೊರುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ಮುಂದೆ ತಮ್ಮ ಕೆಲಸದ ಬಗ್ಗೆ ಮೇಲಿನವರಿಗೆ ಅಭಿಪ್ರಾಯ ಬರೆಯುವವರ ಎದುರು ಯಾರೂ ‘ನನಗೆ ಇದು ಬರುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಸಿಆರ್‌ಪಿಯವರ (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) ನೆರವಿನಿಂದ ಅದೇ ಕ್ಲಸ್ಟರಿನ ಇನ್ನೊಂದು ಶಾಲೆಯ ಅನುಭವಿ ಶಿಕ್ಷಕರನ್ನು ಕೇಳಿಕೊಳ್ಳಬಹುದು.

ಕಾಗದಪತ್ರಗಳ ಕೆಲಸವನ್ನು ಮೊದಲ ತಿಂಗಳಲ್ಲೇ ಮುಗಿಸಿಬಿಡಿ: ಸೇವಾ ಪುಸ್ತಕ ತೆರೆಯುವುದು, ಅಂಕಪಟ್ಟಿಗಳ ನೈಜತೆ ಪರಿಶೀಲನೆಗೆ ಪ್ರತಿಗಳನ್ನು ಕೊಡುವುದು, ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಗೆ ಅರ್ಜಿ ಹಾಕುವುದು. ಅರ್ಹತಾ ಪರೀಕ್ಷೆಯ ಹಳೆಯ ಪ್ರಮಾಣಪತ್ರದಲ್ಲಿ ಏಳು ವರ್ಷಗಳ ಸಿಂಧುತ್ವ ನಮೂದಾಗಿದ್ದರೆ ಗಾಬರಿಯಾಗಬೇಕಿಲ್ಲ. 2011ರಿಂದ ಪಡೆದ ಪ್ರಮಾಣಪತ್ರಗಳಿಗೂ ಅನ್ವಯಿಸುವಂತೆ 2021ರಲ್ಲಿ ಅದನ್ನು ಜೀವನಪರ್ಯಂತ ಸಿಂಧುವೆಂದು ಬದಲಿಸಲಾಗಿದೆ.

ಇನ್ನು ತರಗತಿಯ ಮಾತು. ಮೊದಲು ಹೊಸಬರು ಹಿರಿಯರ ಪಾಠ ನೋಡಲಿ, ಆಮೇಲೆ ಹಿರಿಯರು ಹೊಸಬರ ಪಾಠ ನೋಡಲಿ. ಈ ಅನುಕ್ರಮ ತಪ್ಪಿದರೆ ನೋಡಲು ಬಂದವರು ತಪಾಸಣೆಗೆ ಬಂದವರಂತೆ ಕಾಣುತ್ತಾರೆ. ನಾನು ಸೇವೆಗೆ ಸೇರಿದ ವರ್ಷ ನನ್ನ ತರಗತಿಯೊಳಗೆ ಮೊದಲು ಕಾಲಿಟ್ಟವರು ತಪಾಸಣಾಧಿಕಾರಿಗಳೇ. ಅಂದು ಕೈಯಲ್ಲಿದ್ದ ಸೀಮೆಸುಣ್ಣ ಎರಡು ಸಲ ಮುರಿಯಿತು.

ಪಾಠ ನೋಡುವಾಗ ಎಲ್ಲವನ್ನೂ ಗಮನಿಸಲು ಹೋಗದೆ, ಒಂದು ಸಲಕ್ಕೆ ಒಂದೇ ಸಂಗತಿಯನ್ನು ಹಿಡಿದುಕೊಳ್ಳಬೇಕು. ನನಗೆ ಹೆಚ್ಚು ಪ್ರಯೋಜನವಾದದ್ದು ಚುಕ್ಕಿಯ ನಕ್ಷೆ. ಹಿಂದಿನ ಸಾಲಿನಲ್ಲಿ ಕುಳಿತು, ಒಂದು ಹಾಳೆಯ ಮೇಲೆ ಮಕ್ಕಳು ಕುಳಿತ ಜಾಗಗಳನ್ನು ಚೌಕಗಳಾಗಿ ಬರೆದುಕೊಂಡು, ಶಿಕ್ಷಕರು ಯಾವ ಮಗುವಿಗೆ ಪ್ರಶ್ನೆ ಕೇಳಿದರೋ ಆ ಚೌಕದಲ್ಲಿ ಒಂದು ಚುಕ್ಕಿ ಇಡುತ್ತಾ ಹೋಗುವುದು, ಅಷ್ಟೇ. ಒಬ್ಬ ಹೊಸ ಶಿಕ್ಷಕಿಯ ನಲವತ್ತು ನಿಮಿಷಗಳ ಗಣಿತ ಪಾಠ ಮುಗಿದಾಗ ಮುಂದಿನ ಎರಡು ಸಾಲುಗಳಲ್ಲಿ ಚುಕ್ಕಿಗಳು ಕಿಕ್ಕಿರಿದಿದ್ದವು. ಕಿಟಕಿಯ ಪಕ್ಕದ ಸಾಲು ಪೂರ್ತಿ ಖಾಲಿ. ನಾನು ಏನನ್ನೂ ಹೇಳದೆ ಹಾಳೆಯನ್ನು ಅವರ ಕೈಗಿತ್ತೆ. ಅವರು ಸ್ವಲ್ಪ ಹೊತ್ತು ನೋಡಿ, ‘ಸರ್, ಆ ಸಾಲಿನ ಮಕ್ಕಳ ಹೆಸರುಗಳೇ ನನಗೆ ಇನ್ನೂ ಸರಿಯಾಗಿ ಬಂದಿಲ್ಲ’ ಎಂದರು. ಮರುದಿನದಿಂದ ಅವರು ಹಾಜರಿ ಕರೆಯುವಾಗ ತಲೆಯೆತ್ತಿ ಪ್ರತಿ ಮಗುವಿನ ಮುಖ ನೋಡತೊಡಗಿದರು.

ಪಾಠದ ಬಗೆಗಿನ ಮಾತುಕತೆ ಅದೇ ದಿನ ಆಗಬೇಕು, ಮೊದಲ ಮಾತು ಹೊಸಬರದ್ದೇ ಆಗಿರಬೇಕು, ಮುಂದಿನ ವಾರ ಬದಲಿಸಬೇಕಾದ ಒಂದೇ ಒಂದು ಅಂಶವನ್ನು ಇಬ್ಬರೂ ಒಪ್ಪಿ ಬರೆದುಕೊಳ್ಳಬೇಕು. ಆ ಟಿಪ್ಪಣಿ ಹೊಸಬರ ಬಳಿಯೇ ಉಳಿಯಲಿ; ಕಚೇರಿಯ ಕಡತಕ್ಕೆ ಹೋಗುವುದು ಬೇಡ.

ಕಚೇರಿಗೆ ಬೇಕಾದ ಕಡತವೇ ಬೇರೆ. ಕರ್ನಾಟಕದಲ್ಲಿ 1977ರ ಪರೀಕ್ಷಾರ್ಥ ಸೇವಾ ನಿಯಮಗಳಂತೆ ಸಾಮಾನ್ಯವಾಗಿ ಪರೀಕ್ಷಾರ್ಥ ಅವಧಿ (ಪ್ರೊಬೇಷನ್) ಎರಡು ವರ್ಷ, ಮತ್ತು ಅವಧಿ ಮುಗಿದ ಮಾತ್ರಕ್ಕೆ ಅದು ತೃಪ್ತಿಕರವಾಗಿ ಪೂರ್ಣಗೊಂಡಿತೆಂದು ಆಗುವುದಿಲ್ಲ. ನೇಮಕಾತಿ ಪ್ರಾಧಿಕಾರ ಪ್ರತ್ಯೇಕ ಆದೇಶ ಹೊರಡಿಸಬೇಕು. ಇದನ್ನು ತಿಳಿಯದೆ ಸುಮ್ಮನಿದ್ದು ಆಮೇಲೆ ಅಲೆದಾಡಿದವರನ್ನು ನಾನು ಕಂಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ನಿರೀಕ್ಷಿಸುವುದರಿಂದ, ದೀಕ್ಷಾ ಆನ್‌ಲೈನ್ ವೇದಿಕೆಯ ಕೋರ್ಸುಗಳ ಪ್ರಮಾಣಪತ್ರ ಹಾಗೂ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿಯ ಹಾಜರಾತಿ ಪತ್ರಗಳನ್ನು ದಿನಾಂಕದ ಅನುಕ್ರಮದಲ್ಲಿ ಇದೇ ಕಡತದಲ್ಲಿ ಸೇರಿಸಿಡಿ. ಎರಡು ವರ್ಷ ತುಂಬುವ ತಿಂಗಳಲ್ಲಿ ಮುಖ್ಯಶಿಕ್ಷಕರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆದೇಶ ಬಂದ ದಿನವೇ ಅದು ಸೇವಾ ಪುಸ್ತಕದಲ್ಲಿ ನಮೂದಾಗಿರುವುದನ್ನು ಕಣ್ಣಾರೆ ನೋಡಿಕೊಳ್ಳಿ.