ಕಡಲೆ ಗಂಟು ಕೊಯ್ದು ನೋಡುವುದು: ನನ್ನ ಅನುಭವ

ನಮ್ಮದು ಕೊಪ್ಪಳ ಜಿಲ್ಲೆಯ ಕುಕನೂರು ಕಡೆಯ ಎರೆಹೊಲ. ಹಿಂಗಾರಿಗೆ ಕಡಲೆ, ಇಲ್ಲಾಂದ್ರೆ ಜೋಳ. ಮೈಕ್ರೋಬಯಾಲಜಿ ಓದಿ ಊರಿಗೆ ಬಂದ ಮೇಲೆ ಹೊಲ ನನ್ನ ಕೈಗೆ ಬಂತು. ಬೇರಿನ ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ. ಬೀಜಕ್ಕೆ ಅದನ್ನು ಹಚ್ಚುವುದು ಇಲ್ಲಿ ಹೊಸದೇನಲ್ಲ. ಆದರೆ ಹಚ್ಚಿ ಬಿತ್ತಿದ ಮೇಲೆ ಆ ಬ್ಯಾಕ್ಟೀರಿಯಾ ಏನಾಯಿತು ಅಂತ ಅಗೆದು ನೋಡುವವರು ಕಡಿಮೆ. ನಾನು ನೋಡುತ್ತೇನೆ. ನನ್ನ ಗೊಬ್ಬರದ ಲೆಕ್ಕ ನಿಂತಿರುವುದೇ ಅದರ ಮೇಲೆ.

ಹೂ ಕಾಣಿಸುವ ಹೊತ್ತಿಗೆ ಹೊಲದ ನಾಲ್ಕೈದು ಕಡೆ ಒಂದೊಂದು ಗಿಡ ತೆಗೆಯುತ್ತೇನೆ. ಕೈಯಿಂದ ಕೀಳಬಾರದು. ಎರೆಮಣ್ಣು ಬೇರನ್ನು ಬಿಡುವುದಿಲ್ಲ, ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತವೆ. ಸಲಿಕೆಯಿಂದ ಸುತ್ತ ಅಗೆದು, ಹೆಂಟೆ ಸಮೇತ ಬಕೆಟ್ ನೀರಿಗೆ ಇಳಿಸುತ್ತೇನೆ. ಮಣ್ಣು ತಾನೇ ಕರಗಬೇಕು, ಅವಸರ ಮಾಡಿ ಉಜ್ಜಬಾರದು. ಆಮೇಲೆ ಗಂಟು ಬೆರಳಲ್ಲಿ ತಳ್ಳಿದರೆ ಸುಲಭವಾಗಿ ಉದುರುತ್ತೆ. ಉದುರದೆ ಬೇರೇ ಊದಿಕೊಂಡಿದ್ದರೆ ಅದು ಜಂತುಹುಳದ ಕೆಲಸ, ನಮಗೆ ಬೇಕಾದ ಗಂಟಲ್ಲ.

ಒಂದು ಗಂಟನ್ನು ಬ್ಲೇಡಿನಿಂದ ಉದ್ದುದ್ದ ಸೀಳಿ ನೋಡಿ. ಕಡಲೆಯ ಗಂಟು ಹೆಸರಿನ ಗಂಟಿನಂತೆ ಗುಂಡಗಿರುವುದಿಲ್ಲ, ಕವಲೊಡೆದಿರುತ್ತೆ. ತುದಿ ಬೆಳ್ಳಗೆ, ಅದು ಇನ್ನೂ ಬೆಳೆಯುತ್ತಿರುವ ಭಾಗ. ನಡುವೆ ಒಳ್ಳೇ ಕೆಂಪು, ಉಗುರಿಗೆ ಒರೆಸಿಕೊಂಡರೆ ಬಣ್ಣ ಹತ್ತುತ್ತೆ. ಬೇರಿಗೆ ಅಂಟಿದ ಕಡೆ ವಯಸ್ಸಾದ ಗಂಟಿನಲ್ಲಿ ಹಸಿರು. ಕೆಂಪು ಭಾಗದಲ್ಲಷ್ಟೇ ಸಾರಜನಕದ ಕೆಲಸ ನಡೆಯುತ್ತಿರುತ್ತೆ.

ಆ ಕೆಂಪು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್ ಬಳಗದ ಪ್ರೋಟೀನ್, ಮಾಡುವುದು ಗಿಡ. ಗಾಳಿಯ ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕೆಟ್ಟುಹೋಗುತ್ತೆ. ಆದರೆ ಬ್ಯಾಕ್ಟೀರಿಯಾ ಉಸಿರಾಡೋಕೆ ಆಮ್ಲಜನಕ ಬೇಕೇ ಬೇಕು. ಅದಕ್ಕೆ ಗಿಡ ಈ ಪ್ರೋಟೀನಿನಲ್ಲಿ ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತೆ.

ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ಇನ್ನೊಂದು ಗುಂಪು: ಎನ್‌ಸಿಆರ್ ಪೆಪ್ಟೈಡ್‌ಗಳು. ಸಿಸ್ಟೀನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುವ ಪುಟ್ಟ ಪ್ರೋಟೀನ್‌ಗಳು, ಗಂಟಿನಲ್ಲಿ ಮಾತ್ರ ತಯಾರಾಗುತ್ತವೆ. ಕಡಲೆಯಲ್ಲಿ ಇಂಥವು 60ಕ್ಕೂ ಹೆಚ್ಚು, ಕುದುರೆ ಮೆಂತ್ಯದ ಬಳಗದ ಮೆಡಿಕಾಗೊ ಗಿಡದಲ್ಲಿ ನೂರಾರು. ಗಿಡ ರೋಗಾಣು ಕೊಲ್ಲೋಕೆ ಬಳಸುವ ಡಿಫೆನ್ಸಿನ್‌ಗಳನ್ನೇ ಇವು ಹೋಲುತ್ತವೆ. ಪ್ರಯೋಗಾಲಯದಲ್ಲಿ ಜಾಸ್ತಿ ಹಾಕಿದರೆ ಕೆಲವು ಬ್ಯಾಕ್ಟೀರಿಯಾವನ್ನು ಕೊಂದೇಬಿಡುತ್ತವೆ. ಗಂಟಿನೊಳಗೆ ಮಾತ್ರ ಕೊಲ್ಲದೆ ಬದಲಾಯಿಸುತ್ತವೆ. ಬ್ಯಾಕ್ಟೀರಿಯಾ ಊದಿ ದೊಡ್ಡದಾಗುತ್ತೆ, ಅದರ ಡಿಎನ್‌ಎ ಹಲವು ಪಟ್ಟಾಗುತ್ತೆ, ಆದರೆ ಮತ್ತೆ ಒಡೆದು ಮರಿ ಮಾಡೋಕೆ ಬರಲ್ಲ. ಇದು ಗಿಡದ ಪೆಪ್ಟೈಡ್‌ಗಳ ಕೆಲಸ ಅಂತ ಮೆಡಿಕಾಗೊದಲ್ಲಿ ತೋರಿಸಿದ್ದು 2010ರಲ್ಲಿ.

ಪಕ್ಕದ ಹೊಲದ ಕಾಕಾ ಒಂದಿನ ನಾನು ಬಕೆಟ್ ಮುಂದೆ ಕೂತಿದ್ದು ನೋಡಿ ಬಂದರು. 'ಅಲ್ಲೋ ತಮ್ಮ, ಹೂ ಬಿಟ್ಟ ಗಿಡ ಕಿತ್ತರ ಕಾಯಿ ನೀ ಕೊಡ್ತಿಯೇನು?' ಇದನ್ನೆಲ್ಲ ಹೇಳಿದೆ. ಸುಮ್ನೆ ಕೇಳಿಸಿಕೊಂಡು, 'ಹಂಗಂದ್ರ ಹೋರಿ ಬೀಜ ಒಡದು ಎತ್ತು ಮಾಡಿದಂಗ' ಅಂದರು. ಇದಕ್ಕಿಂತ ಚೆನ್ನಾಗಿ ನನ್ನ ಮೇಷ್ಟ್ರುಗಳೂ ಹೇಳಿರಲಿಲ್ಲ.

ಎತ್ತಿಗೆ ಮೇವು ಹಾಕಬೇಕಲ್ವಾ? ಗಿಡ ಹಾಕುವ ಮೇವು ಮುಖ್ಯವಾಗಿ ಮ್ಯಾಲಿಕ್ ಆಮ್ಲ. ನಸುಕಿನಲ್ಲಿ ಕಡಲೆ ಹೊಲದ ಮೇಲೆ ಬಟ್ಟೆ ಹಾಸಿ, ಇಬ್ಬನಿ ಜೊತೆ ಹುಳಿ ಹಿಂಡಿಕೊಳ್ಳುವುದು ನಮ್ಮ ಕಡೆ ಹಿರಿಯರಿಗೆ ಗೊತ್ತು. ಆ ಹುಳಿಯಲ್ಲಿ ಇರುವುದೂ ಇದೇ ಆಮ್ಲ.

ತೊಗರಿ, ಹೆಸರಿನಲ್ಲಿ ಈ ಪೆಪ್ಟೈಡ್‌ಗಳ ಕಾಟ ಇಲ್ಲ. ಅವುಗಳ ಗಂಟು ಕೊಳೆತಾಗ ಒಳಗಿನ ಬ್ಯಾಕ್ಟೀರಿಯಾ ಮಣ್ಣಿಗೆ ಮರಳಿ ಬದುಕಬಹುದು. ಕಡಲೆಯಲ್ಲಿ ದುಡಿದವು ಮರಳಿ ಬೆಳೆಯುವುದಿಲ್ಲ, ಇನ್ನೂ ಬದಲಾಗದೆ ಉಳಿದವು ಮಾತ್ರ ಮರಳುತ್ತವೆ. ಇನ್ನೊಂದು ವಿಷಯ: ಅಂಗಡಿಯವರೊಬ್ಬರು 'ಎಲ್ಲ ಬೇಳೆಕಾಳಿಗೂ ಒಂದೇ ಪ್ಯಾಕೆಟ್' ಅಂತ ತೊಗರಿಯದನ್ನು ಕೊಡಲು ಬಂದಿದ್ದರು. ನಡೆಯುವುದಿಲ್ಲ. ಬ್ಯಾಕ್ಟೀರಿಯಾ ಕಳಿಸುವ ಸಂಕೇತವನ್ನು ಬೇರಿನ ರೋಮದ ಮೇಲಿನ ಗ್ರಾಹಕ ಪ್ರೋಟೀನ್‌ಗಳು ಗುರುತು ಹಿಡಿದರೆ ಮಾತ್ರ ಒಳಗೆ ದಾರಿ. ಕಡಲೆಯ ಬೇರು ಒಪ್ಪುವುದು ರೈಜೋಬಿಯಂ ಬಳಗದಲ್ಲಿ ಮೀಸೋರೈಜೋಬಿಯಂ ಜಾತಿಯವನ್ನು. ಪ್ಯಾಕೆಟ್ ಮೇಲೆ ಬೆಳೆಯ ಹೆಸರು, ಅವಧಿ ಎರಡೂ ಓದಿಯೇ ತನ್ನಿ.

ಬೀಜೋಪಚಾರ ಎಲ್ಲರಿಗೂ ಗೊತ್ತಿರುವುದೇ. ಶಿಲೀಂಧ್ರದ ಔಷಧಿ ಮೊದಲು, ರೈಜೋಬಿಯಂ ಕೊನೆಗೆ, ಆರಿದ ಬೆಲ್ಲದ ನೀರಿನಲ್ಲಿ ಕಲಸಿ. ನೆರಳಲ್ಲಿ ಆರಿಸಿ, ಅವತ್ತೇ ಕೂರಿಗೆಗೆ. ನಾನು ಕೆಲವು ಸಾಲು ಏನೂ ಹಚ್ಚದೆ ಬಿಡುತ್ತೇನೆ, ಹೋಲಿಸಿ ನೋಡೋಕೆ. ವರ್ಷಾನುಗಟ್ಟಲೆ ಕಡಲೆ ಹಾಕಿದ ಹೊಲದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೇ, ಮಣ್ಣಲ್ಲಿ ಮೊದಲೇ ಇರುತ್ತವೆ. ಹೊಸದಾಗಿ ಕಡಲೆಗೆ ತಿರುಗಿಸಿದ ಹತ್ತಿ ಹೊಲದಲ್ಲಿ ಮಾತ್ರ ಹಚ್ಚದ ಸಾಲಿನ ಬೇರು ಬೋಳು ಬೋಳಾಗಿತ್ತು.

ಯೂರಿಯಾ ಬಗ್ಗೆ ನನ್ನ ಮಾತು ಸ್ವಲ್ಪ ಖಡಕ್. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ ಹಾಕಿದರೆ 9 ಕೆಜಿ ಸಾರಜನಕ ಸಿಕ್ಕಿತು, ಗಂಟು ಕೂರುವವರೆಗೆ ಸಾಕು. ಮೇಲೆ ಯೂರಿಯಾ ಎರಚಿದ ಪಟ್ಟಿಯಲ್ಲಿ ಗಿಡ ಹಚ್ಚಗಿತ್ತು, ಅಗೆದರೆ ಗಂಟು ವಿರಳ, ಒಳಗೆ ಬಿಳಿಚಿಕೊಂಡಿದ್ದವು. ಗಂಟು ಸಾಕಷ್ಟಾದಾಗ ಬೇರು ಪುಟ್ಟ ಪೆಪ್ಟೈಡ್‌ಗಳನ್ನು (ಇವು ಎನ್‌ಸಿಆರ್ ಅಲ್ಲ, ಬೇರೆ) ಮೇಲಕ್ಕೆ ಕಳಿಸುತ್ತೆ. ಎಲೆಯ ಗ್ರಾಹಕ ಪ್ರೋಟೀನ್ ಅದನ್ನು ಹಿಡಿದು, ಇನ್ನು ಸಾಕು ಅಂತ ಕೆಳಕ್ಕೆ ಸುದ್ದಿ ಮುಟ್ಟಿಸುತ್ತೆ. ಮಣ್ಣಲ್ಲಿ ನೈಟ್ರೇಟ್ ಜಾಸ್ತಿ ಇದ್ದರೂ ಇಂಥದ್ದೇ ಪೆಪ್ಟೈಡ್ ಹೊರಡುತ್ತೆ. ಪುಕ್ಕಟೆ ಸಿಗುವಾಗ ಗಿಡ ಯಾಕೆ ಗಂಟು ಸಾಕುತ್ತೆ ಹೇಳಿ. ದುಡ್ಡು ಕೊಟ್ಟು ಗಂಟು ನಿಲ್ಲಿಸಿದಂತೆ ಆಯಿತು.

ಹಳದಿ ಕಂಡ ತಕ್ಷಣ ಯೂರಿಯಾ ಚೀಲಕ್ಕೆ ಕೈ ಹಾಕುವವರು ಯಾವ ಎಲೆ ಹಳದಿ ಅಂತ ಮೊದಲು ನೋಡಬೇಕು. ಕೆಳಗಿನ ಹಳೇ ಎಲೆಯಾದರೆ ಸಾರಜನಕ ಸಾಲದಿರಬಹುದು, ಗಂಟು ಕೊಯ್ದು ನೋಡಿ. ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣಕಲ್ಲು ಇರುವ ಎರೆಯಲ್ಲಿ ಇದು ಮಾಮೂಲು. ಕಬ್ಬಿಣ ಗಂಟಿಗೂ ಬೇಕು: ಲೆಗ್‌ಹಿಮೋಗ್ಲೋಬಿನ್ನಿಗೂ ನೈಟ್ರೋಜಿನೇಸಿಗೂ ಅದಿಲ್ಲದೆ ಆಗದು. 2022ರಲ್ಲಿ ಬಂದ ಒಂದು ಸಂಶೋಧನೆ ಪ್ರಕಾರ, ಮೆಡಿಕಾಗೊದ ಎನ್‌ಸಿಆರ್247 ಎಂಬ ಪೆಪ್ಟೈಡ್ ಬ್ಯಾಕ್ಟೀರಿಯಾದೊಳಗಿನ ಹೀಮ್ ಎಂಬ ಕಬ್ಬಿಣ ಹೊತ್ತ ಅಣುವನ್ನು ಕಟ್ಟಿಹಾಕುತ್ತೆ. ಕಬ್ಬಿಣ ಸಾಲದು ಅಂದುಕೊಂಡು ಬ್ಯಾಕ್ಟೀರಿಯಾ ಇನ್ನಷ್ಟು ಎಳೆದುಕೊಳ್ಳುತ್ತೆ. ಗಿಡ ಎಷ್ಟು ಚಾಲಾಕಿ ನೋಡಿ.

ಇಂಥ ಹಳದಿಗೆ ನಾನು ಹೊಡೆಯುವುದು ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಲೀಟರ್ ನೀರಿಗೆ 5 ಗ್ರಾಂ, ಸ್ವಲ್ಪ ನಿಂಬೆರಸ ಸೇರಿಸಿ, ಬಿಸಿಲು ಇಳಿದ ಮೇಲೆ. ಚಿಗುರು ಹಸಿರಾಗದಿದ್ದರೆ ಇನ್ನೊಂದು ಸಲ.