ಡಿಸ್ಚಾರ್ಜ್ ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಪದಕ ಸೇರಿಸಿಕೊಂಡ ಬಗೆ

ನಾನು ಮುಳಬಾಗಿಲು ಕಡೆಯವನು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದೆ. ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ ಮಗಳು ನನ್ನ ಡಿಸ್ಚಾರ್ಜ್ ಪುಸ್ತಕ (ಸೇನೆಯಿಂದ ನಿವೃತ್ತರಾಗುವಾಗ ಕೊಡುವ ಸೇವಾ ದಾಖಲೆ) ನೋಡಿ, "ಅಪ್ಪಾ, ಇದರಲ್ಲಿ ಕಾರ್ಗಿಲ್ ಪದಕವೇ ಇಲ್ವಲ್ಲಾ?" ಅಂದಳು. ಎದೆ ಧಸಕ್ಕೆಂದಿತು.

ಮೊದಲು ಸುಮ್ನೆ "ನನ್ನ ಪದಕಗಳನ್ನು ಸೇರಿಸಿ" ಅಂತ ನಮ್ಮ ರೆಕಾರ್ಡ್ಸ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ, ಬರೆದು ಕಳಿಸಿದೆ. ಉತ್ತರವೇ ಬರಲಿಲ್ಲ. ತಪ್ಪು ನನ್ನದೂ ಇತ್ತು, ಯಾವ ಪದಕ ಅಂತಲೇ ಬರೆದಿರಲಿಲ್ಲ. ಕಾರ್ಗಿಲ್ ಕಾರ್ಯಾಚರಣೆಯ ಹೆಸರು ಆಪರೇಷನ್ ವಿಜಯ್. ಅದರ ಪದಕಗಳಲ್ಲಿ ಆಪರೇಷನ್ ವಿಜಯ್ ಸ್ಟಾರ್ ಬೇರೆ, ಆಪರೇಷನ್ ವಿಜಯ್ ಮೆಡಲ್ ಬೇರೆ. ಸ್ಟಾರ್ ಇರುವುದು ಕಾರ್ಗಿಲ್, ದ್ರಾಸ್, ಬಟಾಲಿಕ್‌ನಂಥ ಯುದ್ಧಭೂಮಿಯಲ್ಲಿ ಇದ್ದವರಿಗೆ.

ಆಮೇಲೆ ಸೈನಿಕ ಕಲ್ಯಾಣ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯರು ಒಂದೇ ಮಾತು ಹೇಳಿದರು: "ಪಾರ್ಟ್ ಟು ಆರ್ಡರ್ ಹುಡುಕಿ." ಯೂನಿಟ್ಟಿನಲ್ಲಿ ಪೋಸ್ಟಿಂಗ್, ರಜೆ, ಪದಕ ಎಲ್ಲಾ ದಾಖಲಾಗುವುದು ಅದರಲ್ಲೇ. ಜೊತೆಗಿದ್ದ ಹವಾಲ್ದಾರರಿಗೆ ಫೋನ್ ಮಾಡಿದೆ. ಅವರ ಪೆಟ್ಟಿಗೆಯಲ್ಲಿ ನಮ್ಮಿಬ್ಬರ ಹೆಸರೂ ಇದ್ದ ಹಳೆಯ ಹಾಳೆಯ ಪ್ರತಿ ಸಿಕ್ಕಿತು. ಅದನ್ನು ನೋಡಿ ಕಣ್ಣು ತುಂಬಿತು.

ಸರ್ವಿಸ್ ನಂಬರ್, ರ‍್ಯಾಂಕ್, ಯೂನಿಟ್, ದ್ರಾಸ್‌ನಲ್ಲಿದ್ದ ತಾರೀಖು, ಆರ್ಡರ್ ನಂಬರ್ ಎಲ್ಲಾ ಬರೆದು, ಡಿಸ್ಚಾರ್ಜ್ ಪುಸ್ತಕದ ದೃಢೀಕೃತ ನಕಲು ಇಟ್ಟು, ಆ ಕಚೇರಿಯ ಮೂಲಕ ನಮ್ಮ ರೆಕಾರ್ಡ್ಸ್ ಆಫೀಸಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿಸಿದೆ. ಅಸಲು ಪುಸ್ತಕವನ್ನು ಅವರು ಕೇಳಿದ ಮೇಲಷ್ಟೇ ಕಳಿಸಿದೆ. ನೀವೂ ಹಾಗೇ ಮಾಡಿ, ರಸೀದಿ ಜೋಪಾನ.

ಪುಸ್ತಕ ವಾಪಸ್ ಬಂದಾಗ ಪದಕದ ಸಾಲು ಸೇರಿತ್ತು, ಪಕ್ಕದಲ್ಲಿ ಸಹಿ, ಮೊಹರು. ಮಗಳು ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು.