ಹ್ಯಾಂಗ್‌ಝೌನಲ್ಲಿ ಅಧಿಕಾರಿಗಳ ತರಬೇತಿ: ನಾನು ಟೈಮ್‌ಟೇಬಲ್ ಹಾಕುವ ರೀತಿ

ಬೇರೆ ದೇಶಗಳಿಂದ ಚೀನಾಕ್ಕೆ ತರಬೇತಿಗೆ ಬರುವ ಸರ್ಕಾರಿ ಅಧಿಕಾರಿಗಳ ಕಾರ್ಯಕ್ರಮ ಹೊಂದಿಸುವುದು ನನ್ನ ಕೆಲಸ. ಹೆಚ್ಚಿನವರು ಆಫ್ರಿಕಾ, ಏಷ್ಯಾದ ದೇಶಗಳವರು.

ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಅಕ್ಟೋಬರ್ 1ರಿಂದ ವಾರವಿಡೀ ರಜೆ, ಅದಕ್ಕೆ ಬದಲಾಗಿ ಹಿಂದಿನ ಅಥವಾ ಮುಂದಿನ ಶನಿವಾರವೋ ಭಾನುವಾರವೋ ಕೆಲಸ ಇರುತ್ತದೆ. ಆ ಆಸುಪಾಸಿನಲ್ಲಿ ಯಾವ ಕಚೇರಿಯೂ ಸರಿಯಾಗಿ ಸಿಗುವುದಿಲ್ಲ.

ಆಮೇಲೆ ದುಭಾಷಿ ಲೆಕ್ಕ. ಪ್ರೊಫೆಸರ್ ಎರಡು ಮಾತು ಹೇಳಿ ನಿಲ್ಲುತ್ತಾರೆ, ದುಭಾಷಿ ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಹೀಗಾಗಿ ಮೂರು ಗಂಟೆ ಕ್ಲಾಸಿನಲ್ಲಿ ವಿಷಯ ಬರೀ ಒಂದೂವರೆ ಗಂಟೆಯದು. ಅದಕ್ಕೇ ಸ್ಲೈಡ್‌ಗಳನ್ನು ಮುಂಚೆಯೇ ತರಿಸಿಕೊಂಡು, "ಸರ್, ಅರ್ಧ ತೆಗೀರಿ" ಎಂದು ಗೋಗರೆಯುತ್ತೇನೆ. ಐದು ಸಾವಿರ ವರ್ಷಗಳ ನಾಗರಿಕತೆಯಿಂದ ಶುರು ಮಾಡುವವರೂ ಇದ್ದಾರೆ, ಏನು ಮಾಡೋಣ!

ನನ್ನ ಪ್ರಕಾರ ಕೋರ್ಸಿನ ಜೀವ ಇರುವುದು ಕ್ಲಾಸಿನಲ್ಲಲ್ಲ, ಜನ ಅರ್ಜಿ ಕೊಡುವ ಸರ್ಕಾರಿ ಸೇವಾ ಕೇಂದ್ರದ ಕೌಂಟರಿನಲ್ಲಿ. ಹ್ಯಾಂಗ್‌ಝೌ ಇರುವ ಝೆಜಿಯಾಂಗ್ ಪ್ರಾಂತ್ಯ 2016ರ ಕೊನೆಯಲ್ಲಿ ಒಂದು ಸುಧಾರಣೆ ಹೇಳಿತು: ಕಾಗದಪತ್ರ ಸರಿಯಿದ್ದರೆ ಜನ ಕಚೇರಿಗೆ ಹೆಚ್ಚೆಂದರೆ ಒಂದೇ ಸಲ ಬಂದರೆ ಸಾಕು. ನಮ್ಮ ಕರ್ನಾಟಕದ ಸಕಾಲ ಯೋಜನೆ ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂದು ಎಣಿಸುತ್ತದೆ, ಇವರು ಎಷ್ಟು ಸಲ ಅಲೆಯಬೇಕು ಎಂದು ಎಣಿಸಿದರು. ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಹಾಗಾಗಿ ಬರುವವರಿಗೆ ಮೊದಲೇ ಹೇಳುತ್ತೇನೆ: ನಿಮ್ಮ ಕಚೇರಿಯ ಒಂದು ಅರ್ಜಿ ಫಾರಂ ತನ್ನಿ. ಒಬ್ಬರು ಅಂಗಡಿ ಲೈಸೆನ್ಸಿನ ಫಾರಂ ತಂದಿದ್ದರು. ಅದರಲ್ಲಿ ವಿಳಾಸವನ್ನೇ ಮೂರು ಕಡೆ ಬರೆಯಬೇಕಿತ್ತು, ಮೂರು ಇಲಾಖೆಗೆ ಮೂರು ಜೆರಾಕ್ಸ್ ಬೇರೆ. ಅದನ್ನು ಕೌಂಟರಿನ ಹುಡುಗಿಯ ಮುಂದಿಟ್ಟು, "ಇದು ನಿಮ್ಮಲ್ಲಿ ಹೇಗೆ ನಡೆಯುತ್ತದೆ?" ಎಂದು ಕೇಳಿದರು. ಇಲ್ಲಿ ಅರ್ಜಿ ತೆಗೆದುಕೊಳ್ಳುವುದು ಒಂದೇ ಕಿಟಕಿ, ಇಲಾಖೆಯಿಂದ ಇಲಾಖೆಗೆ ಓಡಾಟವೆಲ್ಲ ಒಳಗಿನವರದು ಎಂದು ಅವಳು ವಿವರಿಸಿದಳು. ಯಾವ ಇಲಾಖೆಯ ಮುಖ್ಯಸ್ಥ ಇದಕ್ಕೆ ಒಪ್ಪಿದ, ಡೇಟಾ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಗಳು ಆಗ ತಾವಾಗೇ ಬರುತ್ತವೆ. ಸುಮ್ನೆ ಹಾಲ್ ತೋರಿಸಿ ಫೋಟೋ ತೆಗೆಸಿ ಕಳಿಸಿದರೆ ಇದ್ಯಾವುದೂ ಬರುವುದಿಲ್ಲ. ಆದರೆ ಪ್ರಶ್ನೆಗಳ ಪಟ್ಟಿಯನ್ನು ಕಚೇರಿಗೆ ಮುಂಚಿತವಾಗಿ ಕಳಿಸಲೇಬೇಕು, ಇಲ್ಲದಿದ್ದರೆ ಎದುರಿಗೆ ಕೂರುವವರು ಬರೀ ನಗುತ್ತಾರೆ.

ಇದೇ ಪ್ರಾಂತ್ಯದ ಆಂಜಿ ಕೌಂಟಿಯ ಯೂತ್ಸುನ್ ಹಳ್ಳಿಗೂ ಒಂದು ದಿನ ಇಡುತ್ತೇನೆ. ಕಲ್ಲುಗಣಿ ಮುಚ್ಚಿ ಪ್ರವಾಸೋದ್ಯಮಕ್ಕೆ ತಿರುಗಿದ ಊರು ಅದು. ಗಣಿ ಮುಚ್ಚಿದಾಗ ಊರಿನ ಆದಾಯ ಏನಾಯಿತು ಎಂದು ಕೇಳಲು ತಂಡಕ್ಕೆ ಹೇಳಿಕೊಡುತ್ತೇನೆ.

ಉಳಿದದ್ದು ಚಿಲ್ಲರೆ. ವಾಟ್ಸಾಪ್ ನಡೆಯುವುದಿಲ್ಲ, ಊರಲ್ಲೇ ವೀಚಾಟ್ ಹಾಕಿಕೊಂಡು ಬನ್ನಿ ಎಂದು ತಂಡದವರಿಗೆ ಹೇಳುತ್ತೇನೆ. ಸಸ್ಯಾಹಾರಿಗಳಿದ್ದರೆ ಅಡುಗೆಯವರ ಹತ್ತಿರ ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಹಂದಿಕೊಬ್ಬು, ಕೋಳಿ ಸಾರು, ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ಮೂರನ್ನೂ ಬಿಡಿಸಿ ಹೇಳಬೇಕು.